ಅರ್ಧ ತುಂಬಿದ ಬ್ಯಾಟರಿ

ಆ ಕಾಲದಲ್ಲಿ ಮಂಜೂರಿನ ಮೇಲಿನ ಗುಡ್ಡದಲ್ಲಿದ್ದ ನಮ್ಮ ಹಟ್ಟಿಗೆ ಬಸ್ಸು ಬರುತ್ತಿರಲಿಲ್ಲ. ಊಟಿಗೆ ಹೋಗಬೇಕೆಂದರೆ ಆಲೂಗಡ್ಡೆ ಸಾಗಿಸುವ ಅಪ್ಪನ ಲಾರಿಯೇ ಗತಿ.

ಆ ಬೇಸಗೆಯಲ್ಲಿ ನನ್ನ ಹೆತ್ತೆಗೆ, ಎಂದರೆ ಅಜ್ಜಿಗೆ, ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಊಟಿಗೆ ಬಂದಿದ್ದ ಕಣ್ಣಿನ ಡಾಕ್ಟರು ಮರುದಿನ ಮಧ್ಯಾಹ್ನದವರೆಗೆ ಮಾತ್ರ ಹೊಸಬರನ್ನು ಸೇರಿಸಿಕೊಳ್ಳುತ್ತಾರೆಂದು ಸುದ್ದಿ ಬಂತು. ಲಾರಿ ನೋಡಿದರೆ, ಅಪ್ಪ ದೀಪ ಆರಿಸುವುದನ್ನು ಮರೆತಿದ್ದರಿಂದ ಬ್ಯಾಟರಿ ಬರಿದಾಗಿತ್ತು. ಹ್ಯಾಂಡಲ್ ತಿರುಗಿಸಿದರೂ ಕಿಡಿ ಹುಟ್ಟಲಿಲ್ಲ.

ಅಪ್ಪ ಬ್ಯಾಟರಿಯನ್ನು ಹೊತ್ತು ಟೀ ಫ್ಯಾಕ್ಟರಿಗೆ ನಡೆದ. ನಾನೂ ಹಿಂದೆಯೇ ಓಡಿದೆ. ಅಲ್ಲಿ ಹಳ್ಳದ ನೀರಿನಿಂದ ತಿರುಗುವ ಡೈನಮೋ ಇತ್ತು. ಬಾಡಿದ ಎಲೆಯ ಹಸಿರು ಘಮದ ನಡುವೆ ಆ್ಯಸಿಡ್ಡಿನ ವಾಸನೆ ಮೂಗಿಗೆ ಹೊಡೆಯಿತು.

“ಪೆಟ್ಟಿಗೆ ಮೇಲೆ ಎಂಬತ್ತು ಆಂಪಿಯರ್-ಅವರ್ ಅಂತ ಇದೆ. ಡೈನಮೋ ಗಂಟೆಗೆ ಎಂಟು ಕೊಡುತ್ತೆ. ಹತ್ತು ಗಂಟೆ ಸಾಕಲ್ಲ?” ಎಂದ ಅಪ್ಪ.

“ಸಾಕಾಗಲ್ಲ ಅಣ್ಣಾ. ಹಾಕಿದ್ದೆಲ್ಲಾ ಒಳಗೆ ನಿಲ್ಲಲ್ಲ. ಇನ್ನೂ ಎರಡು ಗಂಟೆ ಸೇರಿಸು” ಎಂದರು ಫ್ಯಾಕ್ಟರಿಯ ಮೇಸ್ತ್ರಿ.

“ನಿಲ್ಲದೆ ಇದ್ದದ್ದು ಎಲ್ಲಿ ಹೋಪುದು, ಅಪ್ಪಾ?” ಎಂದು ನಾನು ಕೇಳಿದೆ.

“ಗೊತ್ತಿಲ್ಲೆ ಮಾದಿ. ನೋಡುವ.”

ನಾವಿಬ್ಬರೂ ಬ್ಯಾಟರಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತೆವು. ಮುಚ್ಚಳ ತೆಗೆದ ತೂತುಗಳಲ್ಲಿ ಗುಳ್ಳೆ ಏಳುತ್ತಿತ್ತು. ಪೆಟ್ಟಿಗೆಯ ಮೈ ಮುಟ್ಟಿದರೆ ಬೆಚ್ಚಗಿತ್ತು. “ಹೀಗೆ ಬಿಸಿಯಾಗುವುದಕ್ಕೇ ಒಂದಷ್ಟು ಹೋಗುತ್ತೆ!” ಎಂದು ಅಪ್ಪ ನನಗಿಂತ ಹೆಚ್ಚು ಹಿಗ್ಗಿದ.

ಸಂಜೆಗೆ ಹಳ್ಳದ ನೀರು ಇಳಿಯಿತು. ಬ್ಯಾಟರಿ ಎಷ್ಟು ತುಂಬಿತೆಂದು ತೋರಿಸುವ ಮುಳ್ಳು ಅರ್ಧಕ್ಕೆ ಬಂದು ನಿಂತಿತು. ಹೀಗಾದರೆ ಪೂರ್ತಿ ತುಂಬಲು ನಾಳೆ ಸಂಜೆಯಾಗುತ್ತದೆ ಎಂದು ಮೇಸ್ತ್ರಿ ತಲೆಯಾಡಿಸಿದರು. ಅಪ್ಪನ ಮುಖ ಬಾಡಿತು.

ಓಡುವ ಲಾರಿ ತಾನೇ ಕರೆಂಟು ಮಾಡಿಕೊಳ್ಳುತ್ತದೆ ಎಂದು ಅಪ್ಪನೇ ನನಗೊಮ್ಮೆ ಹೇಳಿದ್ದ. “ಹಾಗಾದರೆ ಪೂರ್ತಿ ಏಕೆ ಬೇಕು? ಹೊರಡಲಿಕ್ಕೆ ಏಸು ಬೇಕೋ ಅಸ್ಟು ಸಾಲದಾ?” ಎಂದೆ.

ಅಪ್ಪ, ಮೇಸ್ತ್ರಿ ಮುಖಮುಖ ನೋಡಿಕೊಂಡರು. “ದೀಪ ಹಾಕಬಾರದು, ಹಾರನ್ ಒತ್ತಬಾರದು. ದಾರಿಯಲ್ಲಿ ಎಂಜಿನ್ ನಿಲ್ಲಿಸಲೇಬಾರದು” ಎಂದರು ಮೇಸ್ತ್ರಿ.

ಬೆಳಿಗ್ಗೆ ಅಪ್ಪ ಹ್ಯಾಂಡಲ್ ತಿರುಗಿಸಿದ. ಲಾರಿ ಕೆಮ್ಮಿತು, ಸುಮ್ಮನಾಯಿತು. ಮತ್ತೆ ತಿರುಗಿಸಿದಾಗ ಗುಡುಗಿತು. ಹೆತ್ತೆ ಹೆದರಿ ನನ್ನ ತೋಳು ಹಿಡಿದಳು. ಕುಂದೆ ಘಟ್ಟದ ತಿರುವುಗಳಲ್ಲಿ ಮಂಜು ಕವಿದಿತ್ತು. ಹಾರನ್ನಿಗೆ ಬದಲು ನಾನು ಹೊರಗೆ ತಲೆ ಹಾಕಿ ಪ್ರತಿ ತಿರುವಿನಲ್ಲೂ “ಹೋ... ಹೋ...” ಎಂದು ಕೂಗಿದೆ. ಎದುರಿನ ಎತ್ತಿನ ಗಾಡಿಯವನು ಯಾವ ಪ್ರಾಣಿಯೋ ಎಂದು ಬೆದರಿ ಗಾಡಿಯನ್ನು ಬದಿಗೆ ಎಳೆದ.

ಮಧ್ಯಾಹ್ನಕ್ಕೆ ಮೊದಲೇ ಆಸ್ಪತ್ರೆ ಸೇರಿದೆವು. ಕೆಲವು ದಿನಗಳ ಮೇಲೆ ಹೆತ್ತೆಯ ಕಣ್ಣಿನ ಕಟ್ಟು ಬಿಚ್ಚಿದರು. ಅವಳು ನನ್ನನ್ನು ದಿಟ್ಟಿಸಿ, “ಮಾದಿ, ನಿನ್ನ ಮುಂದಿನ ಹಲ್ಲು ಎಲ್ಲಿ?” ಎಂದಳು. ಅಪ್ಪ ನಗುತ್ತಲೇ ಕಣ್ಣೊರೆಸಿಕೊಂಡ.

ಈಗ ಬ್ಯಾಟರಿ ಸತ್ತರೆ ಅಂಗಡಿಯವನು ಬೇರೆಯದನ್ನು ಕೂರಿಸಿ ಕಳಿಸುತ್ತಾನೆ. ಮೊಮ್ಮಕ್ಕಳು ಏನು ಕೇಳಿದರೂ ನನ್ನ ಮಗನ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. “ಗೊತ್ತಿಲ್ಲೆ, ನೋಡುವ” ಎಂದು ಮಗುವಿನ ಪಕ್ಕ ನೆಲಕ್ಕೆ ಕೂರುವವರನ್ನು ಮಾತ್ರ ಅಪ್ಪ ಹೋದಮೇಲೆ ನಾನು ಕಂಡಿಲ್ಲ.