ದೀಪಗಳ ಸಾಲಿನಲ್ಲಿ ಮೌತ್ ಆರ್ಗನ್

ನನ್ನ ಮೌತ್ ಆರ್ಗನ್ ನನ್ನ ಉಸಿರಿಗೆ ಹೊಂದುವಂತೆ ಹೇಳಿ ಮಾಡಿಸಿದ್ದು. ಮೇಲೊಂದು ಕೆಳಗೊಂದು ಹಿತ್ತಾಳೆಯ ಕವಚ. ಆದರೆ ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಅದಕ್ಕೆ ಸಿಕ್ಕ ಜಾಗ ಹಿತ್ತಲ ವಾಷ್‌ಬೇಸಿನ್ ಮೇಲೆ, ಟೂತ್‌ಬ್ರಷ್‌ಗಳ ಪಕ್ಕ. "ಬಾಯಿಗಿಟ್ಟು ಊದೋ ಸಾಮಾನು ಎಂಜಲು ಕಣಮ್ಮ," ಎಂದು ಅತ್ತೆ ಅದನ್ನು ಒಳಗೆ ಸೇರಿಸುತ್ತಿರಲಿಲ್ಲ. ನಾನೂ ಹಟಕ್ಕೆ ಬಿದ್ದು ಹಿತ್ತಲಲ್ಲೇ ಜೋರಾಗಿ ನುಡಿಸುತ್ತಿದ್ದೆ. ಆಮೇಲೆ ಕವಚ ಬಿಚ್ಚಿ ಒರೆಸಿಡುತ್ತಿದ್ದೆ.

ಈ ಸಲ ಗೌರಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ಕೆಲಸದಿಂದ ಬಂದು ನೋಡಿದರೆ, ಆ ಕವಚಗಳು ದೇವರ ದೀಪಗಳ ಸಾಲಿನಲ್ಲಿ ಬಿಸಿಲಿಗೆ ಹೊಳೆಯುತ್ತಿದ್ದವು. ಅತ್ತೆ ಹುಣಸೆಹಣ್ಣು ಹಾಕಿ ಉಜ್ಜಿದ್ದರು.

"ಒಳಗಿನ ಸ್ವರದ ತಗಡಿಗೂ ನೀರು ಹಾಕಿದ್ರಾ? ಸ್ವರಾನೇ ಕೆಟ್ಟುಹೋಗುತ್ತೆ!" ಎಂದು ರೇಗಿದೆ.

"ಅದನ್ನ ತೊಳೆದಿಲ್ಲಮ್ಮ, ಬಟ್ಟೇಲಿ ಸುತ್ತಿಟ್ಟಿದ್ದೀನಿ. ನೀನು ದಿನಾ ಬಿಚ್ಚೋದು ನೋಡ್ತೀನಲ್ಲ," ಎಂದರು.

ಸಂಜೆ ಕವಚ ಜೋಡಿಸಿಕೊಂಡು ಹಿತ್ತಲಿಗೆ ಹೊರಟೆ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅತ್ತೆ ತಿರುಗಿ ನೋಡದೆಯೇ, "ಇಲ್ಲೇ ಕೂತ್ಕೊಂಡು ನುಡಿಸು," ಎಂದರು.

"ಎಂಜಲಲ್ವಾ ಅತ್ತೆ?"

"ತೊಳೆದಿದ್ದೀನಲ್ಲ."

ಬಾಯಿಗಿಟ್ಟ ಕೂಡಲೇ ಅದು ಮತ್ತೆ ಎಂಜಲೇ. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಾನು ದೀಪದ ಪಕ್ಕ ಕೂತು ನುಡಿಸತೊಡಗಿದೆ. ತುಟಿಗೆ ಇನ್ನೂ ಹುಣಸೆಯ ಹುಳಿ ತಾಕುತ್ತಿತ್ತು.