ಚಾವಿ ನಳದ ತೊಗಲು

ಸಾಯಬಣ್ಣ, ಆ ದಿನ ಚಾವಿಯನ್ನು ನಿನ್ನ ಕೈಗೆ ಕೊಟ್ಟವನು ನಾನು. ಕೊಟ್ಟಿಲ್ಲ ಎಂದು ಕರಜಗಿಯ ಸಾವ್ಕಾರರ ಮುಂದೆ ಹೇಳಿದವನೂ ನಾನೇ. ನಳ ಕೆಟ್ಟದ್ದು ನಿನ್ನ ಕೈಯಿಂದಲ್ಲ, ನನ್ನಿಂದ — ಅದು ನನಗೆ ಆ ಮಧ್ಯಾಹ್ನವೇ ಗೊತ್ತಾಗಿತ್ತು. ಇಷ್ಟು ಹೇಳುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಓದುವವರಿಗೆ ನಾವು ಯಾರೆಂದು ತಿಳಿಯಬೇಕಲ್ಲ. ನಾನು ಆಳಂದದ ಗುರಪ್ಪ, ನೀನು ಜೇವರ್ಗಿಯ ಕೇರಿಯವನು — ಊರ ಬಾವಿಯನ್ನು ಮುಟ್ಟುವಂತಿಲ್ಲದವನು. ನಿಜಾಮರ ಸೀಮೆ ದಾಟಿ ಸೊಲ್ಲಾಪುರಕ್ಕೆ ದುಡಿಯಲು ಹೋದಾಗ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಪೈಪು ಕೂಡಿಸುವ ಕೆಲಸ ಕಲಿತೆವು. ಒಂದೇ ಖೋಲಿಯಲ್ಲಿದ್ದೆವು, ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿದು ತಿಂದೆವು. ಅಲ್ಲಿ ನೀನು ನನ್ನನ್ನು ‘ಗುರ್ಯಾ’ ಎನ್ನುತ್ತಿದ್ದೆ. ಕರಜಗಿಯ ಕೆಲಸ ಒಪ್ಪಿಕೊಂಡು ಬರುವಾಗ, ಅಫಜಲಪುರ ಸಮೀಪಿಸಿದ ಕೂಡಲೇ, ಯಾರೂ ಹೇಳದೆ, ‘ಗುರಪ್ಪನವರ’ ಎಂದೆ. ನಾನು ನಕ್ಕೆ. ಬೇಡ ಎನ್ನಲಿಲ್ಲ.

ಆದರೆ ಆ ನಳ! ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಸಾವ್ಕಾರರು ಹೈದರಾಬಾದಿನ ಯಾವುದೋ ಬಂಗಲೆಯ ಅಂಗಳದಲ್ಲಿ ಅದನ್ನು ಕಂಡು ಮರುಳಾಗಿ, ತಮ್ಮ ಮನೆಯ ಮುಂದೆ ಮಾಡಿಸುತ್ತಿದ್ದ ಹುಲ್ಲಿನ ಅಂಗಳಕ್ಕೆಂದು ಮುಂಬಯಿಯಿಂದ ಒಂದು ಪೆಟ್ಟಿಗೆ ತುಂಬ ತರಿಸಿದ್ದರು. ನೆಲದ ಮಟ್ಟಕ್ಕೆ ಹೂಳುವ ಹಿತ್ತಾಳೆಯ ಬಾಯಿ, ಮೇಲೊಂದು ಮುಚ್ಚಳ, ಅಷ್ಟೇ. ನಡೆದಾಡುವವರಿಗೆ ಅಲ್ಲಿ ನೀರಿದೆ ಎಂಬ ಸುಳಿವೂ ಸಿಗುವುದಿಲ್ಲ. ಮುಚ್ಚಳ ಎತ್ತಿ, ಒಳಗೆ ಟೊಳ್ಳಿರುವ ಉದ್ದನೆಯ ಚಾವಿಯನ್ನು ಇಳಿಸಿ ತುಸು ತಿರುಗಿಸಿದರೆ ಸಾಕು — ಚಾವಿಯ ತುದಿ ಒಳಗಿನ ತೊಗಲಿನ ವಾಷರನ್ನು ಕೆಳಗೆ ಒತ್ತುತ್ತದೆ, ನೀರು ಚಾವಿಯೊಳಗಿಂದಲೇ ಮೇಲಕ್ಕೆ ಚಿಮ್ಮುತ್ತದೆ! ಹಿಂದಕ್ಕೆ ತಿರುಗಿಸಿ ಚಾವಿ ಎತ್ತಿಕೊಂಡರೆ ಸ್ಪ್ರಿಂಗು ತೊಗಲನ್ನು ಮೇಲೆ ನೂಕಿ ಬಾಯಿ ಬಿಗಿಯುತ್ತದೆ. ಚಾವಿ ಯಾರ ಕೈಯಲ್ಲಿದೆಯೋ ನೀರು ಅವರದು. ನಾವು ಅದಕ್ಕೆ ಚಾವಿ ನಳ ಎಂದು ಹೆಸರಿಟ್ಟೆವು. ಪೆಟ್ಟಿಗೆ ಬಿಚ್ಚಿದ ದಿನ ನೀನೂ ನಾನೂ ಊಟ ಮರೆತು ಒಂದೇ ನಳವನ್ನು ಬಿಚ್ಚುವುದು, ಕೂಡಿಸುವುದು, ಮತ್ತೆ ಬಿಚ್ಚುವುದು — ಹೊಸ ಆಟಿಕೆ ಸಿಕ್ಕ ಹುಡುಗರೂ ಅಷ್ಟು ಕುಣಿದಿರಲಿಕ್ಕಿಲ್ಲ.

ಪೆಟ್ಟಿಗೆಯಲ್ಲಿ ಬಂದ ವಾಷರುಗಳು ಒಣಗಿ ಬಿರಿದಿದ್ದವು. ನೀನು ದಪ್ಪ ತೊಗಲು ಆರಿಸಿ ತಂದು, ಎಣ್ಣೆಯಲ್ಲಿ ನೆನೆಸಿ, ಅಷ್ಟೂ ನಳಗಳಿಗೆ ಹೊಸ ವಾಷರು ಕತ್ತರಿಸಿದೆ. ಒಂದೊಂದನ್ನೂ ಕಲ್ಲಿನ ಮೇಲೆ ತೀಡಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. ‘ಇದು ನಮ್ಮಪ್ಪನ ಕೈಗುಣ’ ಎಂದು ಹೆಮ್ಮೆಯಿಂದ ಹೇಳುತ್ತಿದ್ದೆ.

ಸಾವ್ಕಾರರು ಒಂದು ಕಟ್ಟಳೆ ಮಾಡಿದ್ದರು. ‘ಒಣ ಕಬ್ಬಿಣ ಅವನೂ ಮುಟ್ಲಿ, ಅದಕ್ಕೇನ್ ಇಲ್ಲ. ನೀರು ಬಂದ ಮ್ಯಾಲ ದೂರ ನಿಲ್ಲಬೇಕು.’ ಹಾಗಾಗಿ ಪೈಪಿನ ಮಣ್ಣು ಹೋಗಲೆಂದು ಟಾಕಿಯಿಂದ ನೀರು ಬಿಟ್ಟು ತೊಳೆಯುವಾಗ ನೀನು ಕಂಪೌಂಡಿನ ಗೋಡೆಯಾಚೆ ನಿಂತಿದ್ದೆ. ಅಲ್ಲಿಂದಲೇ ಕೂಗಿ ಕೇಳುತ್ತಿದ್ದೆ — ‘ತಿಳಿ ಬಂತೇನ್ರೀ?’ ಅದು ನನಗೆ ವಿಚಿತ್ರ ಅನಿಸಲೇ ಇಲ್ಲ. ನಿನಗೆ ಅನಿಸಿತ್ತೋ ಏನೋ, ನಾನು ಕೇಳಲಿಲ್ಲ.

ಒಂದು ನಳ ಮಾತ್ರ ಗೋಡೆಯ ಹೊರಗೆ, ಕೇರಿಗೆ ಹೋಗುವ ದಾರಿಯಲ್ಲಿ. ಅದು ನಿನ್ನ ಆಸೆ. ನಿನ್ನ ತಂಗಿ ನಾಗವ್ವನನ್ನು ಅದೇ ಊರಿನ ಕೇರಿಗೆ ಕೊಟ್ಟಿತ್ತು. ಆಕೆ ಉಳಿದ ಹೆಂಗಸರೊಡನೆ ಬಾವಿಯಿಂದ ದೂರದಲ್ಲಿ ಖಾಲಿ ಕೊಡ ಇಟ್ಟುಕೊಂಡು, ಯಾರಾದರೂ ಮನಸ್ಸು ಮಾಡಿ ಸುರಿಯುವ ತನಕ ಬಿಸಿಲಲ್ಲಿ ಕೂತಿರುತ್ತಿದ್ದಳು. ನೀನು ನನಗೆ ಹೇಳಿದೆ, ನಾನು ಸಾವ್ಕಾರರಿಗೆ ಹೇಳಿದೆ. ಹುಲ್ಲಿನ ಅಂಗಳದ ಹುಮ್ಮಸ್ಸಿನಲ್ಲಿದ್ದ ಅವರು ಒಂದೇ ಮಾತಿಗೆ ಹ್ಞೂಂ ಎಂದುಬಿಟ್ಟರು. ‘ಹಾಕ್ರಿ ಒಂದು. ಚಾವಿ ಅವರ ಹತ್ರನೇ ಇರ್ಲಿ. ದಿನಾ ನಮ್ಮ ಬಾಗಲಿಗೆ ಬಂದು ಕರೀಬಾರ್ದು ಅಷ್ಟ.’

ನಾಗವ್ವ ಸುದ್ದಿ ಕೇಳಿ ನಂಬಲೇ ಇಲ್ಲ. ‘ಅಣ್ಣಾ, ಖರೇನ? ನೀರಿನ ಚಾವಿ ನನ್ನ ನಡದಾಗ ಇರ್ತದ?’ ಎಂದು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ನಗು — ಇರಲಿ.

ನೀರು ಬಿಡುವ ದಿನ ಬಂತು. ಟಾಕಿ ತುಂಬಿತ್ತು, ಪೈಪು ತುಂಬಿತ್ತು. ಬೀಗರು, ನೆಂಟರು, ಅಧಿಕಾರಿಗಳು ಒಳಗೆ ಊಟಕ್ಕೆ ಕೂತಿದ್ದರು. ಊಟ ಮುಗಿಸಿ ಬಂದ ಮೇಲೆ ಅವರೆದುರು ನಳ ತೆರೆಯಬೇಕು. ಹೊಸ ಯಂತ್ರ, ಪೂಜೆ ಮಾಡದಿದ್ದರೆ ಹೇಗೆ? ನಾನು ನಡು ಅಂಗಳದ ನಳದ ಮುಚ್ಚಳ ಎತ್ತಿ ಅದರ ಬಾಯಿಗೇ ಅರಿಸಿನ ಕುಂಕುಮ ಹಚ್ಚಿದೆ. ಕಾಯಿ ಎತ್ತಿದೆ. ಗುಲಾಬಿ ಮಡಿಯ ಆಚೆ ನಿಂತಿದ್ದ ನೀನು ಮೆಲ್ಲಗೆ ಹೇಳಿದೆ —

‘ಮುಚ್ಚಳ ಹಾಕಿ ಒಡೀರಿ. ಒಳಗ ಏನರೆ ಬಿದ್ದೀತು.’

ನನಗೆಲ್ಲಿಯ ಕಿವಿ! ನೀರು ಬರುವ ಬಾಯಿಗೇ ದೇವರ ನೀರು ಬೀಳಲಿ ಎಂದು ಹಿತ್ತಾಳೆಯ ಅಂಚಿಗೆ ಕಾಯಿ ಕುಟ್ಟಿದೆ. ಒಂದೇ ಪೆಟ್ಟಿಗೆ ಎರಡು ಹೋಳು! ನನಗೆ ನಾನೇ ಶಾಭಾಸ್ ಎಂದುಕೊಂಡೆ.

ಆಮೇಲೆ ಕಾಯುವುದಾಗಲಿಲ್ಲ. ಒಳಗಿನವರು ಇನ್ನೂ ಹೋಳಿಗೆಯ ಮೇಲಿದ್ದರು. ಅಂಗಳದಲ್ಲಿ ನಾವಿಬ್ಬರೇ. ಇಷ್ಟು ತಿಂಗಳ ಕೆಲಸ, ಅಷ್ಟೂ ತೊಗಲು ನಿನ್ನದು, ಮೊದಲ ನೀರನ್ನು ಯಾವನೋ ಉಂಡು ಬಂದವನು ಬಿಡುವುದೇ? ನನ್ನ ಎದೆ ಉಕ್ಕುತ್ತಿತ್ತು. ಅದು ಪ್ರೀತಿಯೇ, ಸಾಯಬಣ್ಣ, ಅದರಲ್ಲಿ ಸುಳ್ಳಿರಲಿಲ್ಲ.

‘ಬಾ, ಮೊದಲನೇ ನೀರು ನೀನೇ ಬಿಡು. ಯಾರೂ ಇಲ್ಲ’ ಎಂದೆ. ನೀನು ‘ಬ್ಯಾಡ್ರಿ’ ಎಂದೆ. ನಾನು ಚಾವಿಯನ್ನು ನಿನ್ನ ಅಂಗೈಯೊಳಗೆ ತುರುಕಿ, ಬೆರಳು ಮಡಿಚಿದೆ.

ನೀನು ಇಳಿಸಿದೆ, ತಿರುಗಿಸಿದೆ — ಬಂತು! ಆಳೆತ್ತರಕ್ಕೆ ಎದ್ದು, ಬಿಸಿಲಿಗೆ ಮಿಂಚಿ, ನಮ್ಮಿಬ್ಬರ ತಲೆಯ ಮೇಲೆ ಸುರಿಯಿತು! ನೀನು ಮೈಮರೆತು ಕೂಗಿದೆ — ‘ಬಂತಲೇ ಗುರ್ಯಾ! ಬಂತು ನೋಡಲೇ!’ ನಾನೂ ಕೂಗಿದೆ. ನನ್ನ ಬದುಕಿನಲ್ಲಿ ಅಷ್ಟು ಸುಖ ಪಟ್ಟ ಗಳಿಗೆ ಇನ್ನೊಂದಿಲ್ಲ, ಮದುವೆಯಲ್ಲೂ ಇಲ್ಲ.

ಕೂಗು ಕೇಳಿ ಒಳಗಿನವರು ಕೈ ತೊಳೆಯದೆ ಓಡಿ ಬಂದರು. ಚಾವಿ ಹಿಡಿದು ನೀರಲ್ಲಿ ತೊಯ್ದು ನಿಂತ ನೀನು ಅವರ ಕಣ್ಣಿಗೆ ಬಿದ್ದೆ. ನೀನು ಗಾಬರಿಯಾಗಿ ಚಾವಿ ಹಿಂದಕ್ಕೆ ತಿರುಗಿಸಿ ಎತ್ತಿದೆ. ನೀರು ನಿಲ್ಲಲಿಲ್ಲ. ಬರಿಯ ಬಾಯಿಯಿಂದ ಬುಗುಬುಗು ಎಂದು ಉಕ್ಕಿ ಗುಲಾಬಿ ಮಡಿಗೆ ನುಗ್ಗಿತು, ನೆಂಟರ ಜೋಡುಗಳನ್ನು ತೇಲಿಸಿತು. ನಾನು ಟಾಕಿಯ ಕಡೆಗೆ ಓಡಿ ದೊಡ್ಡ ವಾಲ್ವು ಮುಚ್ಚಿ ಬರುವಷ್ಟರಲ್ಲಿ ಅಂಗಳವೆಲ್ಲ ಕೆಸರು.

ಸಾವ್ಕಾರರು ನಿನ್ನನ್ನು ಕೇಳಲಿಲ್ಲ. ನನ್ನನ್ನು ಕೇಳಿದರು.

‘ಚಾವಿ ಅವನ ಕೈಗೆ ಯಾರು ಕೊಟ್ರು?’

ನೀನು ನನ್ನ ಮುಖ ನೋಡಿದೆ. ಹೆದರಿಕೆಯಿಂದಲ್ಲ — ನಾನು ಹೇಳುತ್ತೇನೆ ಎಂಬ ಭರವಸೆಯಿಂದ.

‘ನಾ ಕೊಟ್ಟಿಲ್ರೀ ಧಣಿ’ ಎಂದೆ ನಾನು. ‘ಅವನೇ ತಗೊಂಡಾನ್ರೀ.’

ನೀನು ಚಾವಿಯನ್ನು ನೆಲದ ಮೇಲೆ ಇಟ್ಟೆ. ಕೆಲಸ ಬಿಟ್ಟು ಹೋಗುವಾಗ ಒಂದೇ ಮಾತು ಹೇಳಿದೆ — ‘ತೊಗಲು ಬಿಚ್ಚಿ ನೋಡ್ರಿ.’

ನಾನು ಬಿಚ್ಚಿ ನೋಡಿದೆ. ನಿನ್ನ ತೊಗಲಿನಲ್ಲಿ ತೆಂಗಿನ ಚಿಪ್ಪಿನ ಒಂದು ಚೂರು ನಾಟಿಕೊಂಡಿತ್ತು. ನನ್ನ ಕಾಯಿಯ ಚೂರು. ಚಾವಿ ಒತ್ತಿದಾಗ ಅದು ತೊಗಲಿನೊಳಗೆ ಕೂತು ಬಾಯಿ ಮುಚ್ಚಗೊಟ್ಟಿರಲಿಲ್ಲ. ಉಗುರಿನಿಂದ ಕಿತ್ತು ಲಿಂಬಿಗಿಡದ ಬುಡಕ್ಕೆ ಎಸೆದೆ. ಅದೇ ತೊಗಲನ್ನು ತಿರುವಿ ಹಾಕಿ ಕೂಡಿಸಿದೆ, ತೊಟ್ಟು ನೀರು ಸೋರಲಿಲ್ಲ. ‘ಏನಾಗಿತ್ತು?’ ಎಂದವರಿಗೆ ‘ಈಗ ಸರಿ ಆತ್ರಿ’ ಎಂದೆ. ಮುಟ್ಟಬಾರದವನು ಮುಟ್ಟಿದ್ದಕ್ಕೆ ಗಂಗಮ್ಮ ಮುನಿದಳು ಎಂದು ಅವರವರೇ ಹೇಳಿಕೊಂಡರು. ನಾನು ಕೇಳಿಸಿಕೊಂಡು ನಿಂತಿದ್ದೆ. ಟಾಕಿ ತೊಳೆಸಿದರು, ಗೋಮೂತ್ರ ಚಿಮುಕಿಸಿದರು. ನೀನು ಕತ್ತರಿಸಿದ ತೊಗಲುಗಳು ಮಾತ್ರ ಎಲ್ಲ ನಳಗಳಲ್ಲೂ ಹಾಗೇ ಉಳಿದವು, ಅವುಗಳ ಮೇಲಿಂದಲೇ ವರ್ಷಗಟ್ಟಲೆ ನೀರು ಹರಿಯಿತು.

ಗೋಡೆಯ ಹೊರಗಿನ ನಳವನ್ನು ಕೀಳಿಸಿದರು. ಪೈಪಿನ ತುದಿಗೆ ಬೂಚು ಹೊಡೆದವನೂ ನಾನೇ. ನಾಗವ್ವ ದೂರದಲ್ಲಿ ಕೊಡ ಹಿಡಿದು ನೋಡುತ್ತಿದ್ದಳು. ತಲೆ ಎತ್ತದೆ ಕೆಲಸ ಮುಗಿಸಿದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕೆಲವು ವರ್ಷಗಳ ಮೇಲೆ ಜೇವರ್ಗಿಯ ಸಂತೆಯಲ್ಲಿ ನೀನು ಸಿಕ್ಕೆ. ಸಡಕಿನ ಮೇಲೆ ಜಲ್ಲಿ ಒಡೆಯುವ ಕೆಲಸ, ಕೈಯೆಲ್ಲ ಗಾಯ. ನೀನು ಬೈಯಲಿಲ್ಲ. ಚಾವಿಯ ಮಾತೇ ಎತ್ತಲಿಲ್ಲ. ಕೇಳಿದ್ದು ಒಂದೇ —

‘ಗುರಪ್ಪನವರ, ನನ್ನ ತೊಗಲು ಸಣ್ಣ ಆಗಿತ್ತೇನ್ರೀ? ಅವತ್ತಿನಿಂದ ಕೈಯಾಗ ಕತ್ತರಿ ಹಿಡಿಯಾಕ ಧೈರ್ಯ ಬರವಲ್ದು.’

ಒಂದು ಮಾತು ಸಾಕಿತ್ತು. ಸಾವ್ಕಾರರಿರಲಿಲ್ಲ, ನೆಂಟರಿರಲಿಲ್ಲ, ಹೆದರಲು ಯಾರೂ ಇರಲಿಲ್ಲ. ನಾನು ‘ಇರಬಹುದು’ ಎಂದೆ. ನೀನು ತಲೆಯಾಡಿಸಿ, ಜೋಳದ ಚೀಲ ಹೊತ್ತು ಹೋದೆ.

ಈಗ ನನಗೆ ಹೆಸರಿದೆ. ಎಲ್ಲಿ ನಳ ಕೂಡಿಸಿದರೂ ಪೂಜೆಗೆ ಮೊದಲು ‘ಮುಚ್ಚಳ ಹಾಕ್ರಿ’ ಎನ್ನುತ್ತೇನೆ. ಎಂಥ ಜಾಣ ಎಂದು ಜನ ಹೊಗಳುತ್ತಾರೆ. ಅದು ನಿನ್ನ ಮಾತು ಎಂದು ನಾನು ಯಾರಿಗೂ ಹೇಳಿಲ್ಲ.

ನಾಳೆ ಬೆಳಿಗ್ಗೆ ಜೇವರ್ಗಿಯ ಮೋಟಾರು ಹತ್ತುತ್ತೇನೆ. ಎದೆ ಡವಡವ ಎನ್ನುತ್ತಿದೆ — ಮೊದಲ ನೀರಿಗೆ ಕಾಯುತ್ತಿದ್ದ ಆ ದಿನದಂತೆಯೇ. ನೀನು ಬಾಗಿಲು ಹಾಕಿಕೊಂಡರೂ ಹೊರಗೆ ನಿಂತು, ಗೋಡೆಯಾಚೆಯಿಂದ ನೀನು ಕೂಗುತ್ತಿದ್ದಂತೆ, ಕೂಗಿ ಹೇಳುತ್ತೇನೆ. ಅಲ್ಲಿಂದ ಕರಜಗಿಗೆ ಹೋಗಿ ನಾಗವ್ವನ ಎದುರು, ಸಾವ್ಕಾರರ ಮನೆಯವರೆದುರು ಅದನ್ನೇ ಹೇಳುತ್ತೇನೆ. ಮತ್ತೆ ನನ್ನನ್ನು ಗುರ್ಯಾ ಎನ್ನು ಎಂದು ಕೇಳುವುದಿಲ್ಲ, ಕ್ಷಮಿಸು ಎಂದೂ ಕೇಳುವುದಿಲ್ಲ. ಸಂತೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಷ್ಟೇ ಬಾಕಿ.

ಸಾಯಬಣ್ಣ, ನಿನ್ನ ತೊಗಲು ಸರಿಯಾಗಿತ್ತು.