ನಿಂಬೆಹಣ್ಣು ತೊಟ್ಟ ಬೆರಳು

ಅಜ್ಜಂಪುರದ ನಮ್ಮ ಹಿತ್ತಲಲ್ಲಿ ಅತ್ತೆಯೂ ನಾನೂ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಾಗ ಒಂದು ಕಡ್ಡಿ ನನ್ನ ಎಡಗೈ ನಡುಬೆರಳ ತುದಿಯಿಂದ ಆಳಕ್ಕೆ ಹೊಕ್ಕಿತು. ಅತ್ತೆಯೇ ಹಿಡಿದು ಎಳೆದರು. "ಪೂರ್ತಿ ಬಂತು ಕಣೇ, ಏನೂ ಆಗಲ್ಲ" ಅಂದರು.

ಆಯಿತು. ಬೆರಳು ಊದಿ, ತುದಿ ಕೆಂಪಗಾಗಿ ಮಿಡಿಯತೊಡಗಿತು.

"ಉಗುರುಸುತ್ತು ಕಣೇ. ನಿಂಬೆಹಣ್ಣು ತೊಡಿಸಿದ್ರೆ ಇಳೀತದೆ."

ಅತ್ತೆ ಹಣ್ಣಿಗೆ ತೂತು ಕೊರೆದು, ಅರಿಸಿನ ತುಂಬಿ, ಬೆರಳಿಗೆ ಟೋಪಿಯ ಹಾಗೆ ಸಿಕ್ಕಿಸಿದರು. ಊತ ಇಳಿಯಿತು, ಮತ್ತೆ ಏರಿತು. ಇನ್ನೊಂದು ಹಣ್ಣು. ಕಡೂರಿನ ಪಂಡಿತರು ನಾಡಿ ಹಿಡಿದು ವಾತ ಅಂದರು. ನೋಡಲು ಬಂದ ನೆಂಟರು ನಾಗರ ಕಾಟ ಅಂದರು. ಊರಿನ ಕಾಯಿಲೆಗಳಿಗೆಲ್ಲ ನನ್ನ ಒಂದು ಬೆರಳೇ ಸಿಕ್ಕಿತ್ತು.

ಬೆಳಗಿನ ಪೂಜೆಯೇ ಕಷ್ಟ. ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡರೆ ಕೈ ನಡುಗಿ, ಬಿದ್ದೀತೆಂದು ಜೀವ ಹಾರುತ್ತಿತ್ತು. ಅತ್ತೆ ಗೊಣಗುತ್ತಲೇ ಪಕ್ಕದಲ್ಲಿ ಕೂತು, ನನ್ನ ಕೈ ಕೆಳಗೆ ತಮ್ಮ ಕೈ ಕೊಡುತ್ತಿದ್ದರು.

ಕೊನೆಗೆ ಗಾಡಿ ಕಟ್ಟಿಸಿ ನಮ್ಮಿಬ್ಬರನ್ನೂ ಯಜಮಾನರು ತರೀಕೆರೆ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ಅರಿಸಿನ ಮೆತ್ತಿದ ತುದಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೀವು ಮೂಳೆಗೆ ಹತ್ತಿದ ಹಾಗಿದೆ. ಖಂಡಿತ ಹೇಳೋಕಾಗಲ್ಲ. ಬಿಟ್ರೆ ಕೈಗೇ ಏರಬಹುದು. ನಾಳೆ ಬನ್ನಿ, ಬೆರಳು ತೆಗೆದುಬಿಡೋಣ."

"ತಾವು ಹೇಳಿದ ಹಾಗೇ ಆಗ್ಲಿ ಸ್ವಾಮಿ," ಅಂದರು ಯಜಮಾನರು. ಅವರ ಬೆರಳಲ್ಲವಲ್ಲ! ಸಿಟ್ಟಿಗೆ ನನಗೆ ಮೈಯೆಲ್ಲ ಉರಿಯಿತು.

ಮರುದಿನ ನಾವು ಇಳಿದುಕೊಂಡಿದ್ದ ನೆಂಟರ ಮನೆಯಲ್ಲಿ ಪೂಜೆಗೆ ಕೂತೆ. ಐದು ಬೆರಳಿನ ಅಂಗೈಯಲ್ಲಿ ಲಿಂಗವಿಡುವುದು ಇದೇ ಕೊನೆ ಅನ್ನಿಸಿ ಅಳು ಬಂತು. ಅತ್ತೆ ಎಂದಿನಂತೆ ಕೈ ಕೊಟ್ಟರು. ಲಿಂಗ ಜಾರೀತೆಂದು ನನ್ನ ಬೆರಳನ್ನು ತುಸು ಬಿಗಿಯಾಗಿ ಹಿಡಿದರು.

"ಅಯ್ಯಪ್ಪಾ!" ಎಂದು ಚೀರಿದೆ.

"ಲೇ, ನಾನು ಹಿಡಿದಿರೋದು ನಡುಗೆಣ್ಣು ಕಣೇ. ತುದಿ ಮುಟ್ಟೇ ಇಲ್ಲ."

ನಾನು ಲಿಂಗವನ್ನು ಕೊರಳಿಗೆ ಹಾಕಿಕೊಂಡ ಮೇಲೆ ಅತ್ತೆ ಮತ್ತೆ ಅಲ್ಲೇ ಒತ್ತಿದರು. ಕಣ್ಣು ಕತ್ತಲಿಟ್ಟಿತು. ಹಣ್ಣು ತೊಡಿಸಿದ್ದು ತುದಿಗೆ, ಹಾಗಾಗಿ ಎಲ್ಲರೂ ನೋಡಿದ್ದೂ ತುದಿಯನ್ನೇ.

ಆಸ್ಪತ್ರೆಯಲ್ಲಿ ಅತ್ತೆ ಸೆರಗು ಸರಿಮಾಡಿಕೊಂಡು, "ಸ್ವಾಮಿ, ತೆಗೆಯೋಕೆ ಮುಂಚೆ ಈ ಗೆಣ್ಣಿನ ಹತ್ರ ಒಂದ್ಸಲ ಕುಯ್ದು ನೋಡಿ" ಅಂದರು. ಡಾಕ್ಟರು ಗೆಣ್ಣನ್ನು ಒತ್ತಿ ನೋಡಿ ಒಪ್ಪಿದರು. ನಾನು ಯಜಮಾನರ ತೋಳು ಕಚ್ಚಿ ಹಿಡಿದೆ, ಸೇಡಿಗೂ ಸೇರಿಸಿ. ಕೀವಿನ ಜೊತೆ ಚಿಮಟಕ್ಕೆ ಬಂದದ್ದು ಪೊರಕೆ ಕಡ್ಡಿಯ ಚೂರು, ಜೀರಿಗೆಕಾಳಿನಷ್ಟು.

ಅತ್ತೆ ಅದನ್ನೇ ನೋಡುತ್ತ ನಿಂತರು. "ಪೂರ್ತಿ ಬಂತು ಅಂದಿದ್ದೆ," ಎಂದರು. 

ಬೆರಳು ಉಳಿಯಿತು, ವಾಸಿಯಾಯಿತು, ಮೊದಲಿನಂತೆ ಮಡಿಸಲೂ ಬಂತು. ಆದರೂ ಬೆಳಗಾದರೆ ಅತ್ತೆ ಪಕ್ಕದಲ್ಲಿ ಬಂದು ಕೂತು ಕೈ ಕೊಡುತ್ತಿದ್ದರು. ಕೈ ಗಟ್ಟಿಯಾಗಿದೆ ಎಂದು ನಾನೂ ಹೇಳಲಿಲ್ಲ.